ಜಾವಾ ಯೂನಿಟ್ ಟೆಸ್ಟ್: ಪ್ರತಿ ಟೆಸ್ಟ್‌ಗೂ ಹೊಸ ಇನ್‌ಸ್ಟನ್ಸ್, ಹೊಸ ಮಾಕ್ ಕೊಡುವುದು ಹೇಗೆ

ಒಂದೊಂದೇ ಓಡಿಸಿದರೆ ಹಸಿರು, ಎಲ್ಲ ಒಟ್ಟಿಗೆ ಓಡಿಸಿದರೆ ಕೆಂಪು. ಇಂಥ ಟೆಸ್ಟ್‌ಗಳನ್ನು ಇಟ್ಟುಕೊಂಡು ಕೆಲಸ ಮಾಡುವುದು ತುಂಬಾ ಕಷ್ಟ. ಫೇಲ್ ಆದಾಗ ತಪ್ಪು ಕೋಡ್‌ನಲ್ಲಿದೆಯಾ ಟೆಸ್ಟ್‌ನಲ್ಲೇ ಇದೆಯಾ ಅಂತ ಗೊತ್ತಾಗುವುದಿಲ್ಲ. ಸ್ವಲ್ಪ ದಿನ ಹೋದ ಮೇಲೆ ಟೀಮ್‌ನವರು "ಇನ್ನೊಂದ್ಸಲ ರನ್ ಮಾಡು, ಸರಿ ಹೋಗುತ್ತೆ" ಅನ್ನಲು ಶುರು ಮಾಡುತ್ತಾರೆ, ಅಲ್ಲಿಗೆ ಆ ಟೆಸ್ಟ್‌ಗಳ ಮೇಲಿನ ನಂಬಿಕೆ ಹೋದ ಹಾಗೆ. ಕಾರಣ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಸಿಗುವುದು ಇದೇ: ಒಂದು ಟೆಸ್ಟ್ ಬಿಟ್ಟುಹೋದದ್ದು ಇನ್ನೊಂದು ಟೆಸ್ಟ್‌ನ ಕೈಗೆ ಸಿಗುತ್ತಿದೆ.

ಇದನ್ನು ತಡೆಯಲು ದೊಡ್ಡ ಉಪಾಯವೇನೂ ಬೇಕಿಲ್ಲ. ಜಾವಾದಲ್ಲಿ ಟೆಸ್ಟ್ ಓಡಿಸುವ ಫ್ರೇಮ್‌ವರ್ಕ್ ಜೆಯುನಿಟ್ ಅರ್ಧ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಉಳಿದ ಅರ್ಧ ನಮ್ಮದು, ಆ ಗೆರೆ ಎಲ್ಲಿದೆ ಅಂತ ತಿಳಿದಿದ್ದರೆ ಸಾಕು.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಗ್ರಂಥಾಲಯದ ಸಾಫ್ಟ್‌ವೇರ್. ಪುಸ್ತಕ ತಡವಾಗಿ ವಾಪಸ್ ಬಂದರೆ ದಿನಕ್ಕೆ 1 ರೂಪಾಯಿ ದಂಡ ಲೆಕ್ಕ ಹಾಕಿ, ಓದುಗರಿಗೆ ಎಸ್‌ಎಂಎಸ್ ಕಳಿಸುವ ಕ್ಲಾಸ್ ಇದೆ, ಹೆಸರು ಫೈನ್‌ಸರ್ವಿಸ್. ಅದಕ್ಕೆ ಮೂರು ಬೇಕು: ಪುಸ್ತಕ ಯಾವಾಗ ಹೋಯಿತು ಅಂತ ಡೇಟಾಬೇಸ್‌ನಿಂದ ತರುವ ಲೋನ್‌ರೆಪೊಸಿಟರಿ, ಮೆಸೇಜ್ ಕಳಿಸುವ ಎಸ್‌ಎಂಎಸ್‌ಸೆಂಡರ್, ಮತ್ತೆ ಇವತ್ತಿನ ತಾರೀಖು. ಕೋಡ್‌ನ ಹೆಸರುಗಳನ್ನು ಇಲ್ಲಿ ಉಚ್ಚಾರದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಮಾಮೂಲಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಹೆಜ್ಜೆ 1: ಜೆಯುನಿಟ್ ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಿ

ಒಂದು ಟೆಸ್ಟ್ ಕ್ಲಾಸ್ ಬರೆಯಿರಿ. ಅದರ ಕನ್‌ಸ್ಟ್ರಕ್ಟರ್ ಒಳಗೆ ಸಿಸ್ಟಮ್.ಐಡೆಂಟಿಟಿಹ್ಯಾಶ್‌ಕೋಡ್(ದಿಸ್) ಪ್ರಿಂಟ್ ಮಾಡಿ. ಒಂದು ಇಂಟ್ ಫೀಲ್ಡ್ ಇಡಿ, ಶುರುವಿನ ಬೆಲೆ 0. ಮೂರು @ಟೆಸ್ಟ್ ಮೆಥಡ್ ಬರೆದು ಪ್ರತಿಯೊಂದರಲ್ಲೂ ಅದನ್ನು ಒಂದು ಹೆಚ್ಚಿಸಿ ಪ್ರಿಂಟ್ ಮಾಡಿ. ಓಡಿಸಿದರೆ ಕನ್‌ಸ್ಟ್ರಕ್ಟರ್ ಮೂರು ಸಲ ಓಡಿರುತ್ತದೆ, ಫೀಲ್ಡ್ ಮೂರು ಸಲವೂ 1 ಅಂತಲೇ ತೋರಿಸುತ್ತದೆ. 1, 2, 3 ಬರುವುದಿಲ್ಲ.

ಯಾಕೆಂದರೆ ಜೆಯುನಿಟ್ ಪ್ರತಿ ಟೆಸ್ಟ್ ಮೆಥಡ್‌ಗೂ ಟೆಸ್ಟ್ ಕ್ಲಾಸ್‌ನ ಹೊಸ ಇನ್‌ಸ್ಟನ್ಸ್ ಮಾಡುತ್ತದೆ. ಇದು ಇವತ್ತಿನದಲ್ಲ, ಜೆಯುನಿಟ್ 3ರ ಕಾಲದಿಂದಲೂ ಹೀಗೇ ಇದೆ, 4ರಲ್ಲೂ ಹೀಗೇ, 2017ರಲ್ಲಿ ಬಂದ 5ರಲ್ಲೂ ಹೀಗೇ. ಅಂದರೆ ಟೆಸ್ಟ್ ಕ್ಲಾಸ್‌ನ ಸಾಮಾನ್ಯ ಫೀಲ್ಡ್‌ನಲ್ಲಿ ನೀವು ಏನೇ ಇಟ್ಟರೂ ಅದು ಮುಂದಿನ ಟೆಸ್ಟ್‌ಗೆ ಹೋಗುವುದಿಲ್ಲ. ಬಹಳ ಜನ ಇದನ್ನು ಗಮನಿಸಿರುವುದಿಲ್ಲ. ಹಾಗಾಗಿ ಸುಮ್ನೆ @ಆಫ್ಟರ್‌ಈಚ್‌ನಲ್ಲಿ ಎಲ್ಲ ಫೀಲ್ಡ್‌ಗೂ ನಲ್ ಹಾಕುತ್ತಾ ಕೂರುತ್ತಾರೆ. ಅದರ ಅಗತ್ಯವೇ ಇಲ್ಲ.

ಟೆಸ್ಟ್‌ಎನ್‌ಜಿ ಅನ್ನುವ ಇನ್ನೊಂದು ಟೆಸ್ಟ್ ಫ್ರೇಮ್‌ವರ್ಕ್‌ನಿಂದ ಬಂದವರು ಇಲ್ಲಿ ಎಚ್ಚರವಾಗಿರಬೇಕು. ಅದರಲ್ಲಿ ಎಲ್ಲ ಮೆಥಡ್‌ಗೂ ಒಂದೇ ಇನ್‌ಸ್ಟನ್ಸ್. ಅಲ್ಲಿ @ಬಿಫೋರ್‌ಮೆಥಡ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿಕೊಳ್ಳಲೇಬೇಕು.

ಹೆಜ್ಜೆ 2: ಕ್ಲಾಸ್ ತನಗೆ ಬೇಕಾದ್ದನ್ನು ಹೊರಗಿನಿಂದ ತೆಗೆದುಕೊಳ್ಳಲಿ

ಫೈನ್‌ಸರ್ವಿಸ್ ಒಳಗೇ "ನ್ಯೂ ಲೋನ್‌ರೆಪೊಸಿಟರಿ" ಅಂತ ಬರೆದಿದ್ದರೆ ಅಥವಾ "ಎಸ್‌ಎಂಎಸ್‌ಸೆಂಡರ್.ಗೆಟ್‌ಇನ್‌ಸ್ಟನ್ಸ್" ಅಂತ ಕರೆದಿದ್ದರೆ, ಮಾಕ್ (ಟೆಸ್ಟ್‌ಗಾಗಿ ನಿಜವಾದ ವಸ್ತುವಿನ ಜಾಗದಲ್ಲಿ ಇಡುವ ನಕಲಿ ವಸ್ತು) ಒಳಗೆ ತೂರಿಸಲು ದಾರಿಯೇ ಇರುವುದಿಲ್ಲ. ಆಗ ಜನ ದೊಡ್ಡ ದೊಡ್ಡ ಲೈಬ್ರರಿ ತರುತ್ತಾರೆ, ರಿಫ್ಲೆಕ್ಷನ್ ಮಾಡುತ್ತಾರೆ. ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ: ಮೂರನ್ನೂ ಕನ್‌ಸ್ಟ್ರಕ್ಟರ್‌ಗೆ ಪ್ಯಾರಾಮೀಟರ್ ಮಾಡಿ, ಫೀಲ್ಡ್‌ಗಳನ್ನು ಪ್ರೈವೇಟ್ ಫೈನಲ್ ಮಾಡಿ. ಅಷ್ಟೇ. ಸ್ಪ್ರಿಂಗ್ ಫ್ರೇಮ್‌ವರ್ಕ್ ಇದ್ದರೂ ಇಲ್ಲದಿದ್ದರೂ ಈ ಕನ್‌ಸ್ಟ್ರಕ್ಟರ್ ಕೆಲಸ ಮಾಡುತ್ತದೆ.

ತಾರೀಖಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು. ಕೋಡ್ ಒಳಗೆ ನೇರವಾಗಿ ಲೋಕಲ್‌ಡೇಟ್.ನೌ() ಅಂತ ಬರೆದರೆ ನಿಮ್ಮ ಟೆಸ್ಟ್ ಓಡುವ ದಿನದ ಮೇಲೆ, ಓಡುವ ಗಂಟೆಯ ಮೇಲೆ ನಿಂತುಬಿಡುತ್ತದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಪುಷ್ ಮಾಡಿದ ಕೋಡ್‌ನ ಟೆಸ್ಟ್‌ಗಳನ್ನು ತಾವಾಗಿಯೇ ಓಡಿಸುವ ಎಷ್ಟೋ ಸಿಐ ಸರ್ವರ್‌ಗಳು ಯುಟಿಸಿಯಲ್ಲಿ ಓಡುತ್ತವೆ. ಬೆಂಗಳೂರಿನಲ್ಲಿ ರಾತ್ರಿ 12ರಿಂದ ಬೆಳಗ್ಗೆ 5:30ರ ನಡುವೆ ಯಾರಾದರೂ ಕೋಡ್ ಪುಷ್ ಮಾಡಿದರೆ, ಆ ಸರ್ವರ್‌ಗೆ ಅದು ಇನ್ನೂ ನಿನ್ನೆಯೇ. ದಂಡ 1 ರೂಪಾಯಿ ಕಡಿಮೆ ಬರುತ್ತದೆ, ಟೆಸ್ಟ್ ಫೇಲ್. ಬೆಳಗ್ಗೆ ಆಫೀಸಿಗೆ ಬಂದು ಮತ್ತೆ ಓಡಿಸಿದರೆ ಪಾಸ್!

ಇದಕ್ಕೆ ಜಾವಾ 8ರಿಂದ ಜಾವಾ.ಟೈಮ್.ಕ್ಲಾಕ್ ಇದೆ. ಕನ್‌ಸ್ಟ್ರಕ್ಟರ್‌ಗೆ ಕ್ಲಾಕ್ ಕೊಡಿ, ಒಳಗೆ ಲೋಕಲ್‌ಡೇಟ್.ನೌ(ಕ್ಲಾಕ್) ಅಂತ ಬಳಸಿ. ಟೆಸ್ಟ್‌ನಲ್ಲಿ ಕ್ಲಾಕ್.ಫಿಕ್ಸ್ಡ್ ಬಳಸಿ 2024ರ ಮಾರ್ಚ್ 15, ಬೆಳಗ್ಗೆ 10 ಗಂಟೆ, ಏಷ್ಯಾ/ಕೋಲ್ಕತಾ ವಲಯ ಅಂತ ನಿಲ್ಲಿಸಿಬಿಡಿ (ಮುಂದಿನ ಕೋಡ್‌ನಲ್ಲಿ ಇದರ ಹೆಸರು ನಿಂತಗಡಿಯಾರ). ಪುಸ್ತಕ ಮಾರ್ಚ್ 10ಕ್ಕೆ ವಾಪಸ್ ಬರಬೇಕಿತ್ತು ಅಂದರೆ ದಂಡ 5 ರೂಪಾಯಿ, ಯಾವ ದಿನ ಯಾವ ದೇಶದಲ್ಲಿ ಓಡಿಸಿದರೂ 5 ರೂಪಾಯಿಯೇ. ಗಮನಿಸಿ, ಇಲ್ಲಿ ಕ್ಲಾಕ್‌ಗೆ ಮಾಕ್ ಬೇಕಾಗಲಿಲ್ಲ, ನಿಜವಾದ ವಸ್ತುವೇ ಸಾಕಾಯಿತು. ಲೋನ್ ಅನ್ನುವ ಡೇಟಾ ಕ್ಲಾಸ್ ಇದ್ದರೆ ಅದಕ್ಕೂ ಮಾಕ್ ಬೇಡ, ಹೊಸದೊಂದನ್ನು ನ್ಯೂ ಮಾಡಿಕೊಳ್ಳಿ. ಡೇಟಾಬೇಸ್, ನೆಟ್‌ವರ್ಕ್, ಮೆಸೇಜ್ ಗೇಟ್‌ವೇ ಥರದ ಹೊರಗಿನ ಸಂಗತಿಗೆ ಮಾತ್ರ ಮಾಕ್ ಇರಲಿ.

ಹೆಜ್ಜೆ 3: ಮಾಕ್‌ಗಳನ್ನು ಪ್ರತಿ ಟೆಸ್ಟ್‌ಗೂ ಹೊಸದಾಗಿ ಹುಟ್ಟಿಸಿ

ಮಾಕ್ ಮಾಡಿಕೊಡುವ ಲೈಬ್ರರಿ ಮಾಕಿಟೊ ಜೊತೆ ನಾನು ಸಲಹೆ ಮಾಡುವ ರೂಪ ಇದು:

@ಎಕ್ಸ್‌ಟೆಂಡ್‌ವಿತ್(ಮಾಕಿಟೊಎಕ್ಸ್‌ಟೆನ್ಶನ್.ಕ್ಲಾಸ್)
ಕ್ಲಾಸ್ ಫೈನ್‌ಸರ್ವಿಸ್‌ಟೆಸ್ಟ್ {
  @ಮಾಕ್ ಲೋನ್‌ರೆಪೊಸಿಟರಿ ರೆಪೊ;
  @ಮಾಕ್ ಎಸ್‌ಎಂಎಸ್‌ಸೆಂಡರ್ ಸೆಂಡರ್;
  ಫೈನ್‌ಸರ್ವಿಸ್ ಸರ್ವಿಸ್;

  @ಬಿಫೋರ್‌ಈಚ್
  ವಾಯ್ಡ್ ಸೆಟಪ್() {
    ಸರ್ವಿಸ್ = ನ್ಯೂ ಫೈನ್‌ಸರ್ವಿಸ್(ರೆಪೊ, ಸೆಂಡರ್, ನಿಂತಗಡಿಯಾರ);
  }
}

ಎಕ್ಸ್‌ಟೆನ್ಶನ್ ಪ್ರತಿ ಟೆಸ್ಟ್‌ಗೂ ಮುಂಚೆ @ಮಾಕ್ ಫೀಲ್ಡ್‌ಗಳಿಗೆ ಹೊಸ ಮಾಕ್ ತುಂಬುತ್ತದೆ, ಆಮೇಲೆ ನಿಮ್ಮ @ಬಿಫೋರ್‌ಈಚ್ ಓಡುತ್ತದೆ. ಈ ಕ್ರಮ ಮುಖ್ಯ. ಕೆಲವರು ಸಾಲು ಉಳಿಸಲು ಫೀಲ್ಡ್ ಘೋಷಿಸುವ ಜಾಗದಲ್ಲೇ "ಸರ್ವಿಸ್ = ನ್ಯೂ ಫೈನ್‌ಸರ್ವಿಸ್(ರೆಪೊ, ...)" ಅಂತ ಬರೆದುಬಿಡುತ್ತಾರೆ. ಆ ಸಾಲು ಓಡುವುದು ಇನ್‌ಸ್ಟನ್ಸ್ ಹುಟ್ಟುವಾಗ, ಆಗ ರೆಪೊ ಇನ್ನೂ ನಲ್. ಕೊನೆಗೆ ನಲ್‌ಪಾಯಿಂಟರ್‌ಎಕ್ಸೆಪ್ಶನ್ ಬರುತ್ತದೆ, ಆದರೆ ಅದು ಸರ್ವಿಸ್‌ನ ಹೊಟ್ಟೆಯೊಳಗಿನ ಯಾವುದೋ ಸಾಲಿನಲ್ಲಿ ಕಾಣಿಸುತ್ತದೆ, ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಮಾಕ್‌ಗಳನ್ನು ಸರ್ವಿಸ್‌ಗೆ ತಾನೇ ತುಂಬಿಕೊಡುವ @ಇಂಜೆಕ್ಟ್‌ಮಾಕ್ಸ್ ಯಾಕೆ ಬಳಸಿಲ್ಲ ಅಂತ ಕೇಳಬಹುದು. ಅದು ಕೆಲಸ ಮಾಡುತ್ತದೆ, ನಿಜ. ಆದರೆ ಏನಾದರೂ ಹೊಂದಲಿಲ್ಲ ಅಂದರೆ ಬಾಯಿ ಬಿಡುವುದಿಲ್ಲ. ಕನ್‌ಸ್ಟ್ರಕ್ಟರ್‌ಗೆ ಬೇಕಾದ ಒಂದು ಬಗೆಯ ಮಾಕ್ ಸಿಗದಿದ್ದರೆ ಅದರ ಜಾಗಕ್ಕೆ ಸದ್ದಿಲ್ಲದೆ ನಲ್ ಕೊಟ್ಟು ಮುಂದೆ ಹೋಗುತ್ತದೆ. ನೀವೇ ನ್ಯೂ ಬರೆದಿದ್ದರೆ, ನಾಳೆ ಯಾರಾದರೂ ಕನ್‌ಸ್ಟ್ರಕ್ಟರ್‌ಗೆ ನಾಲ್ಕನೇ ಪ್ಯಾರಾಮೀಟರ್ ಸೇರಿಸಿದ ಕೂಡಲೇ ಟೆಸ್ಟ್ ಕಂಪೈಲ್ ಆಗುವುದೇ ನಿಲ್ಲುತ್ತದೆ. ಕಂಪೈಲರ್ ಹಿಡಿಯುವ ತಪ್ಪನ್ನು ರನ್‌ಟೈಮ್‌ವರೆಗೆ ಬಿಡುವುದು ಯಾಕೆ?

ಹೀಗೆ ಕೇಳಿದರೆ ಈ ಉತ್ತರ ಕೊಡು ಅಂತ ಮಾಕ್‌ಗೆ ಕಲಿಸುವ ವೆನ್-ದೆನ್‌ರಿಟರ್ನ್ ಸಾಲುಗಳನ್ನೆಲ್ಲ (ಇವೇ ಸ್ಟಬ್‌ಗಳು) @ಬಿಫೋರ್‌ಈಚ್‌ಗೆ ತುಂಬಬೇಡಿ. ಅವು ಆಯಾ ಟೆಸ್ಟ್ ಒಳಗೆ ಇರಲಿ. ಓದುವವರಿಗೆ ಆ ಟೆಸ್ಟ್‌ನ ಕಥೆ ಒಂದೇ ಜಾಗದಲ್ಲಿ ಸಿಗುತ್ತದೆ. ಇನ್ನೊಂದು ಕಾರಣವೂ ಇದೆ: ಈ ಎಕ್ಸ್‌ಟೆನ್ಶನ್ ಡಿಫಾಲ್ಟ್ ಆಗಿಯೇ ಕಟ್ಟುನಿಟ್ಟು, ಬಳಸದ ಸ್ಟಬ್ ಉಳಿದಿದ್ದರೆ ಅನ್‌ನೆಸೆಸರಿಸ್ಟಬಿಂಗ್‌ಎಕ್ಸೆಪ್ಶನ್ ಕೊಡುತ್ತದೆ. ಅದು ಬಂದಾಗ ತಕ್ಷಣ ಆ ಕಟ್ಟುನಿಟ್ಟನ್ನು ಸಡಿಲಿಸುವ ಲೀನಿಯೆಂಟ್ ಹಾಕಿ ಬಾಯಿ ಮುಚ್ಚಿಸಬೇಡಿ. ಮಾಕ್ ಮತ್ತು ಕೋಡ್ ನಡುವೆ ಎಲ್ಲೋ ಸಂಬಂಧ ತಪ್ಪಿದೆ ಅಂತ ಅದು ಹೇಳುತ್ತಿರುತ್ತದೆ, ಕೇಳಿಸಿಕೊಳ್ಳಿ.

ಎಕ್ಸ್‌ಟೆನ್ಶನ್ ಬಳಸಲು ಆಗದಿದ್ದರೆ @ಬಿಫೋರ್‌ಈಚ್‌ನಲ್ಲಿ ಮಾಕಿಟೊಅನೊಟೇಶನ್ಸ್.ಓಪನ್‌ಮಾಕ್ಸ್(ದಿಸ್) ಕರೆಯಿರಿ, ಅದು ಕೊಡುವ ಆಟೋಕ್ಲೋಸಬಲ್ ಅನ್ನು @ಆಫ್ಟರ್‌ಈಚ್‌ನಲ್ಲಿ ಕ್ಲೋಸ್ ಮಾಡಿ. ಹಳೆಯ ಇನಿಟ್‌ಮಾಕ್ಸ್ ಬೇಡ, ಅದನ್ನು ಡೆಪ್ರಿಕೇಟ್ ಮಾಡಿದ್ದಾರೆ.

ಮತ್ತೆ ಮಾಕಿಟೊ.ರೀಸೆಟ್(). ಯಾವುದಾದರೂ ಟೆಸ್ಟ್‌ನಲ್ಲಿ ಅದು ಕಂಡರೆ ಅಲ್ಲಿ ಒಂದು ಮಾಕ್ ಎರಡು ಟೆಸ್ಟ್‌ಗಳ ನಡುವೆ ಹಂಚಿಕೆಯಾಗಿದೆ ಅಂತ ಅರ್ಥ, ಇಲ್ಲ ಒಂದೇ ಟೆಸ್ಟ್ ಎರಡು ಕೆಲಸ ಮಾಡುತ್ತಿದೆ. ಹಂಚುವುದನ್ನು ನಿಲ್ಲಿಸಿ, ರೀಸೆಟ್ ತಾನಾಗಿಯೇ ಬೇಡವಾಗುತ್ತದೆ.

ಹೆಜ್ಜೆ 4: ಪರ್‌ಕ್ಲಾಸ್ ಇದ್ದರೆ ಏನಾಗುತ್ತದೆ

ಜೆಯುನಿಟ್ 5ರಲ್ಲಿ @ಟೆಸ್ಟ್‌ಇನ್‌ಸ್ಟನ್ಸ್ ಅನೊಟೇಶನ್‌ಗೆ ಲೈಫ್‌ಸೈಕಲ್.ಪರ್_ಕ್ಲಾಸ್ ಕೊಟ್ಟರೆ ಎಲ್ಲ ಮೆಥಡ್‌ಗೂ ಒಂದೇ ಇನ್‌ಸ್ಟನ್ಸ್ ಬಳಕೆಯಾಗುತ್ತದೆ. @ಬಿಫೋರ್‌ಆಲ್ ಮೆಥಡ್ ಸ್ಟ್ಯಾಟಿಕ್ ಇರಬೇಕಾಗಿಲ್ಲ ಅನ್ನುವ ಅನುಕೂಲಕ್ಕೆ ಬಹಳ ಜನ ಇದನ್ನು ಹಾಕುತ್ತಾರೆ. ಕೆಲವು ಪ್ರಾಜೆಕ್ಟ್‌ಗಳಲ್ಲಿ ಕಾನ್ಫಿಗರೇಶನ್ ಫೈಲ್‌ನಲ್ಲೇ ಇದನ್ನು ಡಿಫಾಲ್ಟ್ ಮಾಡಿರುತ್ತಾರೆ, ಟೆಸ್ಟ್ ಕ್ಲಾಸ್ ನೋಡಿದರೆ ಗೊತ್ತೇ ಆಗುವುದಿಲ್ಲ.

ಇದರ ಜೊತೆ @ಇಂಜೆಕ್ಟ್‌ಮಾಕ್ಸ್ ಸೇರಿದರೆ ಬಹಳ ತಲೆ ತಿನ್ನುವ ಸಮಸ್ಯೆ ಹುಟ್ಟುತ್ತದೆ. ನಿಧಾನವಾಗಿ ನೋಡಿ. ಮೊದಲ ಟೆಸ್ಟ್‌ಗೆ ಮುಂಚೆ ಮಾಕಿಟೊ ಹೊಸ ರೆಪೊ, ಹೊಸ ಸೆಂಡರ್ ಮಾಡಿ, ಕನ್‌ಸ್ಟ್ರಕ್ಟರ್ ಮೂಲಕ ಸರ್ವಿಸ್ ಕಟ್ಟುತ್ತದೆ. ಸರಿ. ಎರಡನೇ ಟೆಸ್ಟ್‌ಗೆ ಮುಂಚೆ @ಮಾಕ್ ಫೀಲ್ಡ್‌ಗಳಿಗೆ ಮತ್ತೆ ಹೊಸ ಮಾಕ್ ಬರುತ್ತದೆ. ಆದರೆ ಸರ್ವಿಸ್ ಫೀಲ್ಡ್ ಈಗ ನಲ್ ಅಲ್ಲ, ಮೊದಲ ಟೆಸ್ಟ್‌ನದ್ದೇ ಅಲ್ಲಿ ಕೂತಿದೆ. ಹಾಗಾಗಿ ಮಾಕಿಟೊ ಕನ್‌ಸ್ಟ್ರಕ್ಟರ್ ಕರೆಯುವುದಿಲ್ಲ, ಇರುವ ವಸ್ತುವಿನ ಫೀಲ್ಡ್‌ಗಳಿಗೆ ಮಾಕ್ ತುಂಬಲು ನೋಡುತ್ತದೆ. ನಾವು ಒಳ್ಳೆಯ ಅಭ್ಯಾಸ ಅಂತ ಫೀಲ್ಡ್‌ಗಳನ್ನು ಫೈನಲ್ ಮಾಡಿದ್ದೇವೆ, ಅಲ್ವಾ? ಫೈನಲ್ ಫೀಲ್ಡ್‌ಗಳನ್ನು ಅದು ಮುಟ್ಟುವುದಿಲ್ಲ. ಈಗ ಟೆಸ್ಟ್ ಕೈಯಲ್ಲಿರುವುದು ಹೊಸ ಮಾಕ್, ಸರ್ವಿಸ್ ಕೈಯಲ್ಲಿರುವುದು ಹಳೇ ಮಾಕ್. ನೀವು ಹೊಸ ರೆಪೊಗೆ ಸ್ಟಬ್ ಮಾಡುತ್ತೀರಿ, ಸರ್ವಿಸ್ ಹಳೇ ರೆಪೊ ಕೇಳುತ್ತದೆ, ಅದು ಮೊದಲ ಟೆಸ್ಟ್‌ನಲ್ಲಿ ಕಲಿಸಿದ ಉತ್ತರವನ್ನೇ ಕೊಡುತ್ತದೆ. ಸೆಂಡರ್ ಮೇಲೆ ವೆರಿಫೈ ಮಾಡಿದರೆ ಈ ಮಾಕ್ ಅನ್ನು ಯಾರೂ ಕರೆದೇ ಇಲ್ಲ ಅನ್ನುತ್ತದೆ.

ಯಾವ ಟೆಸ್ಟ್ ಮೊದಲು ಓಡುತ್ತದೋ ಅದು ಪಾಸ್, ಉಳಿದವು ಫೇಲ್. ಕ್ರಮ ಬದಲಾದರೆ ಫೇಲ್ ಆಗುವ ಟೆಸ್ಟ್ ಕೂಡ ಬದಲಾಗುತ್ತದೆ.

ಪರಿಹಾರ ಸುಲಭ. ಸಾಧ್ಯವಾದರೆ ಪರ್_ಕ್ಲಾಸ್ ತೆಗೆದುಹಾಕಿ. ಆಗದಿದ್ದರೆ @ಇಂಜೆಕ್ಟ್‌ಮಾಕ್ಸ್ ತೆಗೆದು ಮೇಲಿನ ಹಾಗೆ @ಬಿಫೋರ್‌ಈಚ್‌ನಲ್ಲಿ ನೀವೇ ನ್ಯೂ ಮಾಡಿ. ಇನ್‌ಸ್ಟನ್ಸ್ ಒಂದೇ ಇದ್ದರೂ ಸರ್ವಿಸ್ ಪ್ರತಿ ಸಲ ಹೊಸದು, ಒಳಗಿನ ಮಾಕ್ ಕೂಡ ಹೊಸದು.

ಹೆಜ್ಜೆ 5: ಸ್ಟ್ಯಾಟಿಕ್ ಎಲ್ಲೆಲ್ಲಿ ಅಡಗಿದೆ ನೋಡಿ

ಹೊಸ ಇನ್‌ಸ್ಟನ್ಸ್ ಕಾಪಾಡುವುದು ಇನ್‌ಸ್ಟನ್ಸ್ ಫೀಲ್ಡ್‌ಗಳನ್ನು ಮಾತ್ರ. ಸ್ಟ್ಯಾಟಿಕ್ ಫೀಲ್ಡ್ ಇರುವುದು ಕ್ಲಾಸ್ ಜೊತೆ. ಕ್ಲಾಸ್ ಒಂದು ಸಲ ಲೋಡ್ ಆದರೆ ಜೆವಿಎಂ ಇರುವವರೆಗೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನೀವು ನೂರು ಸಲ ನ್ಯೂ ಮಾಡಿದರೂ ಸ್ಟ್ಯಾಟಿಕ್ ಮ್ಯಾಪ್‌ನಲ್ಲಿ ಮೊದಲ ಟೆಸ್ಟ್ ಹಾಕಿದ ದಂಡದ ದರ ಹಾಗೇ ಇರುತ್ತದೆ. ಬಿಲ್ಡ್ ಟೂಲ್ ಮೇವನ್‌ನಲ್ಲಿ ಟೆಸ್ಟ್ ಓಡಿಸುವ ಶೂರ್‌ಫೈರ್ ಡಿಫಾಲ್ಟ್ ಆಗಿ ಎಲ್ಲ ಟೆಸ್ಟ್ ಕ್ಲಾಸ್‌ಗಳನ್ನೂ ಒಂದೇ ಜೆವಿಎಂನಲ್ಲಿ ಓಡಿಸುವುದರಿಂದ ಈ ಸೋರಿಕೆ ಒಂದು ಕ್ಲಾಸ್‌ನಿಂದ ಇನ್ನೊಂದಕ್ಕೂ ಹೋಗುತ್ತದೆ.

ಹುಡುಕಬೇಕಾದ ಜಾಗಗಳು: ಸಿಂಗಲ್ಟನ್‌ಗಳು, ಸ್ಟ್ಯಾಟಿಕ್ ಕ್ಯಾಶ್‌ಗಳು, ಟೆಸ್ಟ್ ಕ್ಲಾಸ್‌ನಲ್ಲೇ ಸ್ಟ್ಯಾಟಿಕ್ ಆಗಿ ಇಟ್ಟ ಮಾಕ್‌ಗಳು, ಖಾಲಿ ಮಾಡದ ಥ್ರೆಡ್‌ಲೋಕಲ್. ಜೊತೆಗೆ ಕಣ್ಣಿಗೆ ಸ್ಟ್ಯಾಟಿಕ್ ಅಂತ ಕಾಣದ ಕೆಲವು ಇವೆ. ಸಿಸ್ಟಮ್.ಸೆಟ್‌ಪ್ರಾಪರ್ಟಿ, ಲೊಕೇಲ್.ಸೆಟ್‌ಡಿಫಾಲ್ಟ್, ಟೈಮ್‌ಝೋನ್.ಸೆಟ್‌ಡಿಫಾಲ್ಟ್ ಮೂರೂ ಇಡೀ ಜೆವಿಎಂ ಅನ್ನೇ ಬದಲಿಸುತ್ತವೆ. ಒಂದು ಟೆಸ್ಟ್ ಲೊಕೇಲ್ ಬದಲಿಸಿ ವಾಪಸ್ ಇಡದೆ ಹೋದರೆ, ಎಲ್ಲೋ ದೂರದ ಇನ್ನೊಂದು ಟೆಸ್ಟ್‌ನಲ್ಲಿ ಸಂಖ್ಯೆಯ ಅಲ್ಪವಿರಾಮದ ಜಾಗ ಬದಲಾಗಿ ಫೇಲ್ ಆಗುತ್ತದೆ.

ನಿಮ್ಮ ಕೋಡ್ ಆಗಿದ್ದರೆ ಸ್ಟ್ಯಾಟಿಕ್ ತೆಗೆದು ಇನ್‌ಸ್ಟನ್ಸ್‌ಗೆ ತನ್ನಿ, ಎರಡನೇ ಹೆಜ್ಜೆಯ ಹಾಗೆ ಕನ್‌ಸ್ಟ್ರಕ್ಟರ್‌ನಿಂದ ಕೊಡಿ. ಬೇರೆಯವರ ಲೈಬ್ರರಿ ಆಗಿದ್ದರೆ ಅದರ ಸುತ್ತ ನಿಮ್ಮದೇ ಒಂದು ಸಣ್ಣ ಇಂಟರ್‌ಫೇಸ್ ಬರೆದು ಅದಕ್ಕೆ ಮಾಕ್ ಮಾಡಿ. ಎರಡೂ ಆಗದಿದ್ದಾಗ ಮಾತ್ರ ಮಾಕಿಟೊದ ಮಾಕ್‌ಸ್ಟ್ಯಾಟಿಕ್. ಇದು 2020ರಲ್ಲಿ 3.4.0 ಆವೃತ್ತಿಯಲ್ಲಿ ಬಂತು. ಆಗ ಮಾಕಿಟೊ-ಇನ್‌ಲೈನ್ ಅಂತ ಬೇರೆ ಜಾರ್ ಬೇಕಿತ್ತು. 2023ರಲ್ಲಿ ಬಂದ ಮಾಕಿಟೊ 5ರಿಂದ ಅದೇ ಡಿಫಾಲ್ಟ್, ಬೇರೆ ಏನೂ ಸೇರಿಸಬೇಕಿಲ್ಲ, ಜಾವಾ 11 ಅಥವಾ ಮೇಲಿನದು ಇರಬೇಕು ಅಷ್ಟೇ. ಕನ್‌ಸ್ಟ್ರಕ್ಟರ್ ಕರೆಯನ್ನೇ ಹಿಡಿಯುವ ಮಾಕ್‌ಕನ್‌ಸ್ಟ್ರಕ್ಶನ್ 3.5.0ರಿಂದ ಇದೆ.

ಮಾಕ್‌ಸ್ಟ್ಯಾಟಿಕ್ ಬಳಸುವಾಗ ಯಾವಾಗಲೂ ಟ್ರೈ ಆವರಣದ ಒಳಗೇ ಬರೆಯಿರಿ (ಇಲ್ಲಿ ದರಪಟ್ಟಿ ಅಂದರೆ ದಿನದ ದಂಡದ ದರವನ್ನು ಸ್ಟ್ಯಾಟಿಕ್ ಮೆಥಡ್‌ನಿಂದ ಕೊಡುವ ಕ್ಲಾಸ್):

ಟ್ರೈ (ಮಾಕ್ಡ್‌ಸ್ಟ್ಯಾಟಿಕ್<ದರಪಟ್ಟಿ> ದರ = ಮಾಕ್‌ಸ್ಟ್ಯಾಟಿಕ್(ದರಪಟ್ಟಿ.ಕ್ಲಾಸ್)) {
  ದರ.ವೆನ್(ದರಪಟ್ಟಿ::ದಿನದದರ).ದೆನ್‌ರಿಟರ್ನ್(2);
  // ಟೆಸ್ಟ್ ಇಲ್ಲಿ
}

ಆವರಣ ಮುಗಿದ ಕೂಡಲೇ ನಿಜವಾದ ಮೆಥಡ್ ವಾಪಸ್ ಬರುತ್ತದೆ. ಕ್ಲೋಸ್ ಮಾಡದೆ ಬಿಟ್ಟರೆ ಅದು ಆ ಥ್ರೆಡ್‌ಗೆ ಅಂಟಿಕೊಂಡಿರುತ್ತದೆ, ಅದೇ ಥ್ರೆಡ್‌ನಲ್ಲಿ ಮುಂದಿನ ಟೆಸ್ಟ್ ಮತ್ತೆ ಅದೇ ಕ್ಲಾಸ್‌ಗೆ ಮಾಕ್‌ಸ್ಟ್ಯಾಟಿಕ್ ಮಾಡಿದಾಗ ಆಗಲೇ ರಿಜಿಸ್ಟರ್ ಆಗಿದೆ ಅಂತ ಎಕ್ಸೆಪ್ಶನ್ ಬರುತ್ತದೆ. ಥ್ರೆಡ್‌ಗೆ ಅಂಟಿರುವುದರ ಇನ್ನೊಂದು ಪರಿಣಾಮ: ನಿಮ್ಮ ಕೋಡ್ ಕಂಪ್ಲೀಟಬಲ್‌ಫ್ಯೂಚರ್.ಸಪ್ಲೈಅಸಿಂಕ್ ಬಳಸಿ ಬೇರೆ ಥ್ರೆಡ್‌ಗೆ ಕೆಲಸ ಕೊಟ್ಟರೆ ಆ ಥ್ರೆಡ್‌ಗೆ ನಿಮ್ಮ ಮಾಕ್ ಕಾಣುವುದೇ ಇಲ್ಲ, ನಿಜವಾದ ಮೆಥಡ್ ಓಡುತ್ತದೆ.

ಹೆಜ್ಜೆ 6: ಕ್ಲಾಸ್ ಲೋಡರ್, ಬೇರೆ ಜೆವಿಎಂ — ಬೇರೆ ದಾರಿ ಇಲ್ಲದಾಗ

ಕೆಲವು ಹಳೇ ಕ್ಲಾಸ್‌ಗಳು ಸ್ಟ್ಯಾಟಿಕ್ ಬ್ಲಾಕ್‌ನಲ್ಲೇ ಕಾನ್ಫಿಗರೇಶನ್ ಫೈಲ್ ಓದಿ ಫೈನಲ್ ಫೀಲ್ಡ್‌ಗೆ ಹಾಕಿಕೊಂಡುಬಿಡುತ್ತವೆ. ಎರಡು ಬೇರೆ ಕಾನ್ಫಿಗರೇಶನ್‌ನಲ್ಲಿ ಅದನ್ನು ಟೆಸ್ಟ್ ಮಾಡಬೇಕು, ಕೋಡ್ ಮುಟ್ಟುವ ಹಾಗಿಲ್ಲ. ಇಂಥ ಕಡೆ ಕ್ಲಾಸ್ ಅನ್ನೇ ಮತ್ತೆ ಹೊಸದಾಗಿ ಲೋಡ್ ಮಾಡಬೇಕಾಗುತ್ತದೆ.

ಒಂದು ದಾರಿ ಬೇರೆ ಕ್ಲಾಸ್ ಲೋಡರ್ (ಕ್ಲಾಸ್‌ಗಳನ್ನು ಜೆವಿಎಂ ಒಳಗೆ ತರುವ ಭಾಗ). ಜೆಯುನಿಟ್ 4ರ ಕಾಲದಲ್ಲಿ ಪವರ್‌ಮಾಕ್ ಅನ್ನುವ ಮಾಕ್ ಲೈಬ್ರರಿ ಮಾಡುತ್ತಿದ್ದುದು ಇದನ್ನೇ, @ಪ್ರಿಪೇರ್‌ಫಾರ್‌ಟೆಸ್ಟ್ ಅಂತ ಹೆಸರಿಸಿದ ಕ್ಲಾಸ್‌ಗಳನ್ನು ತನ್ನದೇ ಲೋಡರ್ ಮೂಲಕ ತಂದು ಬೈಟ್‌ಕೋಡ್ ಬದಲಿಸುತ್ತಿತ್ತು. ಆದರೆ ಜೆವಿಎಂಗೆ ಒಂದು ಕ್ಲಾಸ್ ಅಂದರೆ ಹೆಸರು ಮಾತ್ರ ಅಲ್ಲ, ಹೆಸರು ಮತ್ತು ಅದನ್ನು ಲೋಡ್ ಮಾಡಿದ ಲೋಡರ್ ಎರಡೂ ಸೇರಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದ ಹಾಗೆ, ಲೋಡರ್ ಬೇರೆಯಾದರೆ ಕ್ಲಾಸ್ ಬೇರೆಯೇ. ಹಾಗಾಗಿ ಲೋನ್ ಅನ್ನು ಲೋನ್‌ಗೆ ಕಾಸ್ಟ್ ಮಾಡಲಾಗದು ಅನ್ನುವ ವಿಚಿತ್ರ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಬರುತ್ತದೆ. ಓಡುವಾಗಲೇ ಅಳೆಯುವ ಜಕೋಕೊ ಕವರೇಜ್ (ಟೆಸ್ಟ್‌ಗಳು ಎಷ್ಟು ಕೋಡ್ ಮುಟ್ಟಿದವು ಅನ್ನುವ ಲೆಕ್ಕ) ಕೂಡ ಆ ಕ್ಲಾಸ್‌ಗಳಿಗೆ ಸರಿಯಾಗಿ ಸಿಗುವುದಿಲ್ಲ. ಹೊಸ ಕೋಡ್‌ಗೆ ಈ ದಾರಿ ಹಿಡಿಯಬೇಡಿ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ದಾರಿ ಬೇರೆ ಜೆವಿಎಂ, ಇದು ಎಷ್ಟೋ ಸರಳ. ಶೂರ್‌ಫೈರ್‌ನಲ್ಲಿ ಫೋರ್ಕ್‌ಕೌಂಟ್ 1 ಇಟ್ಟು ರೀಯೂಸ್‌ಫೋರ್ಕ್ಸ್‌ಗೆ ಫಾಲ್ಸ್ ಕೊಡಿ, ಪ್ರತಿ ಟೆಸ್ಟ್ ಕ್ಲಾಸ್‌ಗೂ ಹೊಸ ಜೆವಿಎಂ. ಗ್ರೇಡಲ್‌ನಲ್ಲಿ ಫೋರ್ಕ್‌ಎವ್ರಿ 1. ಪ್ರತಿ ಸಲ ಜೆವಿಎಂ ಶುರುವಾಗುವ ಹೊತ್ತು ಸೇರಿಕೊಳ್ಳುವುದರಿಂದ ಬಿಲ್ಡ್ ನಿಧಾನವಾಗುತ್ತದೆ, ಅದಕ್ಕೇ ಎಲ್ಲ ಟೆಸ್ಟ್‌ಗೂ ಇದನ್ನು ಹಾಕದೆ ಆ ಕೆಲವು ಕ್ಲಾಸ್‌ಗಳಿಗೆ ಮಾತ್ರ ಬೇರೆ ಎಕ್ಸಿಕ್ಯೂಶನ್ ಬರೆಯಿರಿ. ಈ ಬೇರ್ಪಡಿಕೆ ಟೆಸ್ಟ್ ಕ್ಲಾಸ್‌ಗಳ ನಡುವೆ ಮಾತ್ರ, ಒಂದೇ ಕ್ಲಾಸ್‌ನ ಮೆಥಡ್‌ಗಳ ನಡುವೆ ಇಲ್ಲ. ಎರಡು ಕಾನ್ಫಿಗರೇಶನ್‌ಗೆ ಎರಡು ಟೆಸ್ಟ್ ಕ್ಲಾಸ್ ಬೇಕು.

ಸ್ಪ್ರಿಂಗ್ ಬಳಸುವವರಿಗೆ ಒಂದು ಮಾತು. ಫೈನ್‌ಸರ್ವಿಸ್‌ನಂಥ ಕ್ಲಾಸ್ ಟೆಸ್ಟ್ ಮಾಡಲು @ಸ್ಪ್ರಿಂಗ್‌ಬೂಟ್‌ಟೆಸ್ಟ್ ಬೇಕಾಗಿಯೇ ಇಲ್ಲ, ನ್ಯೂ ಮಾಡಿ ಮುಗಿಸಿ. ಸ್ಪ್ರಿಂಗ್ ಕಾಂಟೆಕ್ಸ್ಟ್ (ಸ್ಪ್ರಿಂಗ್ ಕಟ್ಟಿಡುವ ವಸ್ತುಗಳ ಗುಂಪು) ಟೆಸ್ಟ್‌ಗಳ ನಡುವೆ ಕ್ಯಾಶ್ ಆಗುತ್ತದೆ, ಅಂದರೆ ಅದು ಸ್ವಭಾವದಿಂದಲೇ ಹಂಚಿಕೆಯ ವಸ್ತು. ನಿಜಕ್ಕೂ ಬೇಕಾದ ಕಡೆ @ಮಾಕ್‌ಬೀನ್ ಬದಲು @ಮಾಕಿಟೊಬೀನ್ ಬಳಸಿ, ಸ್ಪ್ರಿಂಗ್ ಬೂಟ್ 3.4ರಿಂದ ಹಳೆಯದನ್ನು ಡೆಪ್ರಿಕೇಟ್ ಮಾಡಿದ್ದಾರೆ.

ಹೆಜ್ಜೆ 7: ನಿಜವಾಗಿಯೂ ಬೇರೆ ಬೇರೆಯಾಗಿವೆಯಾ, ಪರೀಕ್ಷೆ ಮಾಡಿ

ಜೆಯುನಿಟ್ 5 ಮೆಥಡ್‌ಗಳನ್ನು ಪ್ರತಿ ಸಲ ಅದೇ ಕ್ರಮದಲ್ಲಿ ಓಡಿಸುತ್ತದೆ, ಆ ಕ್ರಮ ಮೇಲ್ನೋಟಕ್ಕೆ ಗೊತ್ತಾಗುವಂಥದ್ದಲ್ಲ ಅಷ್ಟೇ. ಹಾಗಾಗಿ ಒಂದು ಸೋರಿಕೆ ವರ್ಷಗಟ್ಟಲೆ ಬಯಲಿಗೆ ಬರದೆ ಇರಬಹುದು. ಬೇಕಂತಲೇ ಕ್ರಮ ಕಲಕಿ. ಟೆಸ್ಟ್ ಕ್ಲಾಸ್ ಮೇಲೆ @ಟೆಸ್ಟ್‌ಮೆಥಡ್‌ಆರ್ಡರ್ ಹಾಕಿ ಮೆಥಡ್‌ಆರ್ಡರರ್.ರ್‍ಯಾಂಡಮ್ ಕೊಡಿ, ಕೆಲವು ಸಲ ಓಡಿಸಿ. ಎಲ್ಲ ಕ್ಲಾಸ್‌ಗೂ ಒಟ್ಟಿಗೆ ಬೇಕಿದ್ದರೆ ಟೆಸ್ಟ್ ರಿಸೋರ್ಸಸ್ ಫೋಲ್ಡರ್‌ನ ಜೆಯುನಿಟ್ ಪ್ಲಾಟ್‌ಫಾರ್ಮ್ ಪ್ರಾಪರ್ಟೀಸ್ ಫೈಲ್‌ನಲ್ಲಿ ಡಿಫಾಲ್ಟ್ ಆಗಿ ಇಡಬಹುದು, ಇದು 5.7ರಿಂದ ಇದೆ. ಕ್ಲಾಸ್‌ಗಳ ಕ್ರಮ ಕಲಕುವುದು 5.8ರಿಂದ. ಒಂದು ಕ್ರಮದಲ್ಲಿ ಫೇಲ್ ಆಯಿತು ಅಂದರೆ ಆ ಕ್ರಮವನ್ನು ಹುಟ್ಟಿಸಿದ ಸೀಡ್ ಸಂಖ್ಯೆಯನ್ನೇ ಪ್ರಾಪರ್ಟೀಸ್‌ನಲ್ಲಿ ಕೊಟ್ಟು ಅದೇ ಕ್ರಮವನ್ನು ಮತ್ತೆ ತರಿಸಿ ಹುಡುಕಿ.

ಇದಾದ ಮೇಲೆ ಪ್ಯಾರಲಲ್ ಆಗಿ ಓಡಿಸಿ ನೋಡಿ. ಅದೇ ಫೈಲ್‌ನಲ್ಲಿ ಪ್ಯಾರಲಲ್ ಎನೇಬಲ್ ಮಾಡಿದರೆ ಸಾಲದು, ಡಿಫಾಲ್ಟ್ ಮೋಡ್‌ಗೆ ಕನ್‌ಕರೆಂಟ್ ಅಂತಲೂ ಕೊಡಬೇಕು, ಇಲ್ಲದಿದ್ದರೆ ಎಲ್ಲವೂ ಮೊದಲಿನ ಹಾಗೆ ಒಂದೇ ಥ್ರೆಡ್‌ನಲ್ಲಿ ಓಡುತ್ತವೆ. ಸಿಸ್ಟಮ್ ಪ್ರಾಪರ್ಟಿ ಮುಟ್ಟಲೇಬೇಕಾದ ಟೆಸ್ಟ್‌ಗೆ @ರಿಸೋರ್ಸ್‌ಲಾಕ್ ಹಾಕಿ, ಯಾರ ಜೊತೆಗೂ ಓಡಬಾರದ ಕ್ಲಾಸ್‌ಗೆ @ಐಸೋಲೇಟೆಡ್ ಹಾಕಿ.

ಹಳೇ ಪ್ರಾಜೆಕ್ಟ್ ಆಗಿದ್ದರೆ ಎಲ್ಲವನ್ನೂ ಒಂದೇ ಸಲ ಸರಿ ಮಾಡಲು ಹೋಗಬೇಡಿ. ಟೆಸ್ಟ್ ಫೋಲ್ಡರ್‌ನಲ್ಲಿ ನಾಲ್ಕು ಪದ ಹುಡುಕಿ: ಸ್ಟ್ಯಾಟಿಕ್, ರೀಸೆಟ್, ಪರ್_ಕ್ಲಾಸ್, ಪ್ರಿಪೇರ್‌ಫಾರ್‌ಟೆಸ್ಟ್. ಪರ್_ಕ್ಲಾಸ್ ಮತ್ತು @ಇಂಜೆಕ್ಟ್‌ಮಾಕ್ಸ್ ಎರಡೂ ಒಟ್ಟಿಗೆ ಇರುವ ಕ್ಲಾಸ್‌ಗಳಿಂದ ಶುರು ಮಾಡಿ, ಅಲ್ಲಿ ಬದಲಾಯಿಸಬೇಕಾದ ಸಾಲುಗಳು ಕಡಿಮೆ. ಆಮೇಲೆ ಸ್ಟ್ಯಾಟಿಕ್ ಮಾಕ್‌ಗಳು. ಪವರ್‌ಮಾಕ್ ಕೊನೆಗೆ ಇರಲಿ. ಅದನ್ನು ತೆಗೆಯಬೇಕಾದರೆ ಟೆಸ್ಟ್ ಜೊತೆ ಮೂಲ ಕೋಡ್ ಕೂಡ ಬದಲಾಗಬೇಕು, ಅಷ್ಟು ಹೊತ್ತಿಗೆ ಉಳಿದ ಟೆಸ್ಟ್‌ಗಳು ಗಟ್ಟಿಯಾಗಿದ್ದರೆ ಆ ಬದಲಾವಣೆಯನ್ನು ಧೈರ್ಯವಾಗಿ ಮಾಡಬಹುದು.